ಹೆಪ್ಪು ಮನೆಮನೆಯಲ್ಲಿರಲಿ

ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುತ್ತಿದ್ದ ಏಳೆಂಟು ತೆಂಗು ಬೆಳೆಗಾರರು ಮಾತಿಗೆ ಸಿಕ್ಕರು. ಹೆಗಲ ಮೇಲೆ ಹಸಿರು ಶಾಲು, ಕೈಯಲ್ಲಿ ಬುತ್ತಿ. ಕೊಬ್ಬರಿಗೆ ಬೆಲೆ ಕೇಳಲು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೊರಟಿದ್ದರು. ಇಲ್ಲೇ ಎಪಿಎಂಸಿ ಮುಂದೆ ಕೂರಬಹುದಿತ್ತಲ್ಲ ಎಂದೆ. "ಇಲ್ಲಿ ಕೂತ್ರೆ ಯಾರೂ ತಿರುಗಿ ನೋಡಲ್ಲ ಸ್ವಾಮಿ, ಅಲ್ಲಾದ್ರೆ ಟಿವಿಯೋರಾದ್ರೂ ಬರ್ತಾರೆ" ಎಂದರು ಹಿರಿಯರೊಬ್ಬರು. ಅವರ ಮಾತು ಸುಳ್ಳಲ್ಲ. ಆದರೆ ಚಳವಳಿಯ ಜೀವವೆಲ್ಲ ಒಂದೇ ಊರಿನಲ್ಲಿರಬೇಕೇ? ಆ ಪ್ರಶ್ನೆ ಬೇಲೂರು, ಹಳೇಬೀಡಿನವರೆಗೂ ನನ್ನ ಜೊತೆಗೇ ಬಂತು.

ಒಂದೆಡೆ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಬೇಲೂರೇ ಸಾಕ್ಷಿ. 1117ರ ಚೆನ್ನಕೇಶವ ದೇವಾಲಯದ ಶಿಲ್ಪಗಳ ಬುಡದಲ್ಲಿ ಕೆತ್ತಿದ ಹೆಸರುಗಳನ್ನು ಕತ್ತೆತ್ತಿ ಓದಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಸಿಗುತ್ತಾರೆ. ಬೇರೆ ಬೇರೆ ಊರಿನ ಉಳಿಗಳು ಒಂದೇ ಅಂಗಳದಲ್ಲಿ ಸೇರಿದ್ದರಿಂದ ಆ ಕೆಲಸ ಸಾಧ್ಯವಾಯಿತು. ಆದರೆ ಕಸುಬು ಅಲ್ಲೇ ನಿಲ್ಲಲಿಲ್ಲ. ಸುಮಾರು ನೂರು ವರ್ಷಗಳಲ್ಲಿ ಅದು ಅರಸೀಕೆರೆಯ ಈಶ್ವರ ದೇವಾಲಯಕ್ಕೆ, ಹಾರನಹಳ್ಳಿಗೆ, ಜಾವಗಲ್ಲಿಗೆ ನಡೆದುಹೋಗಿತ್ತು. 1311ರಲ್ಲಿ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ದಂಡೆತ್ತಿ ಬಂದ. ಮುಂದಿನ ಕೆಲವು ದಶಕಗಳಲ್ಲಿ ರಾಜಧಾನಿ ಪಾಳುಬಿದ್ದು ಹಳೇಬೀಡಾಯಿತು. ಅರಮನೆ ಅಳಿಯಿತು, ಹಳ್ಳಿಗಳಿಗೆ ಹರಡಿದ ಗುಡಿಗಳು ಉಳಿದವು.

ಶರಣರ ಚಳವಳಿಯದೂ ಇದೇ ಕಥೆ. ಉಡುತಡಿಯ ಅಕ್ಕ, ಸೊನ್ನಲಿಗೆಯ ಸಿದ್ಧರಾಮ ಹೀಗೆ ದಿಕ್ಕುದಿಕ್ಕಿನವರು ಕಲ್ಯಾಣಕ್ಕೆ ಬಂದು ಕೂಡಿದರು. ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯ ನಂತರ ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿದರು. ಚೆನ್ನಬಸವಣ್ಣ ಉಳವಿಯ ದಾರಿ ಹಿಡಿದ. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುವ ಹರಿಹರ, ಹಂಪೆಯಲ್ಲಿ ನೆಲೆಸಿ ಶರಣರ ಬದುಕನ್ನು ರಗಳೆಗಳಲ್ಲಿ ಹಾಡಿದ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ, ಜಗುಲಿಯಲ್ಲಿ ಪೂಜೆಗಿಟ್ಟಿದ್ದ ವಚನಗಳ ತಾಳೆಗರಿಗಳನ್ನು ಕಲೆಹಾಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ವಚನಗಳೆಲ್ಲ ಕಲ್ಯಾಣದ ಒಂದೇ ಭಂಡಾರದಲ್ಲಿದ್ದಿದ್ದರೆ ನಮಗೆ ಇಂದು ಏನು ಸಿಗುತ್ತಿತ್ತು?

ಅರಸೀಕೆರೆಗೆ ಈ ಪಾಠ ಹೊಸದಲ್ಲ. 1944ರ ಫೆಬ್ರವರಿ 22ರಂದು ಕಸ್ತೂರಬಾ ಆಗಾ ಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡಾಗ ದೇಶ ಅವರ ಹೆಸರಿನಲ್ಲಿ ನಿಧಿ ಕೂಡಿಸಿತು. ಅದು ಹಳ್ಳಿಯ ಹೆಂಗಸರಿಗೆ, ಮಕ್ಕಳಿಗೆ ಸಲ್ಲಬೇಕೆಂದು ಗಾಂಧೀಜಿ ಬಯಸಿದರು. ಆ ನಿಧಿಯಿಂದಾದ ಟ್ರಸ್ಟಿನ ಕರ್ನಾಟಕ ಶಾಖೆ ನೆಲೆಯೂರಿದ್ದು ಬೆಂಗಳೂರಿನಲ್ಲಲ್ಲ, ಯಶೋಧರಮ್ಮ ದಾಸಪ್ಪನವರ ಶ್ರಮದಿಂದ ಅರಸೀಕೆರೆಯಲ್ಲಿ. ಅಲ್ಲಿ ಕಲಿತ ಗ್ರಾಮಸೇವಿಕೆಯರ ಕೆಲಸ ಹಳ್ಳಿಗಳಲ್ಲಿತ್ತು. ಕೇಂದ್ರವೆಂದರೆ ಹೀಗಿರಬೇಕು: ಜನರನ್ನು ಸೆಳೆದು ಇಟ್ಟುಕೊಳ್ಳಬಾರದು, ಕಲಿಸಿ ಕಳಿಸಬೇಕು.

1980ರಲ್ಲಿ ನರಗುಂದ, ನವಲಗುಂದದ ಬಂಡಾಯದ ಬೆನ್ನಲ್ಲೇ ಹುಟ್ಟಿದ ರೈತ ಸಂಘವೂ ಬೆಂಗಳೂರಿಗೆ ಹೋಯಿತು. ಆದರೆ ಅದರ ಬಲ ಇದ್ದದ್ದು ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಹಳ್ಳಿಯ ಬಾಗಿಲಲ್ಲಿ ನೆಟ್ಟ ಫಲಕದಲ್ಲಿ. ಇಂದು ರಾಜಧಾನಿಯಲ್ಲಿ ಧರಣಿಗೆ ಗೊತ್ತುಮಾಡಿರುವ ಜಾಗ ಫ್ರೀಡಂ ಪಾರ್ಕ್ ಒಂದೇ. ಒಂದೇ ಜಾಗದಲ್ಲಿರುವ ಚಳವಳಿಯನ್ನು ಸುತ್ತುವರಿಯಲು ಒಂದೇ ಬೇಲಿ ಸಾಕು.

ನಮ್ಮ ಅಡುಗೆಮನೆಯ ಹೆಪ್ಪನ್ನು ನೋಡಿ. ಒಂದು ಮನೆಯಲ್ಲಿ ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತಂದರಾಯಿತು, ಮರುದಿನ ಮತ್ತೆ ಗಟ್ಟಿ ಮೊಸರು. ಊರಿನ ಹೆಪ್ಪನ್ನೆಲ್ಲ ಒಂದೇ ಗಡಿಗೆಯಲ್ಲಿಟ್ಟು ಅದು ಒಡೆದರೆ, ಎಲ್ಲರ ಮನೆಯ ಹಾಲೂ ಹಾಲಾಗಿಯೇ ಕೆಡುತ್ತದೆ. ಬೆಂಗಳೂರಿಗೆ ಹೋಗುವ ರೈತರು ಹೋಗಲಿ, ಗಟ್ಟಿಯಾಗಿಯೇ ಕೇಳಲಿ. ಆದರೆ ಸಂಜೆಯ ರೈಲಿಗೆ ಮರಳಿದವರು ಮರುದಿನವೇ ತಮ್ಮೂರಿನ ಅರಳಿಕಟ್ಟೆಯ ಮೇಲೊಂದು ಸಭೆ ಸೇರಿಸಲಿ.