ಗೆಲ್ಲುವ ಕುದುರೆ ಯಾವುದು?

ರೇಸಿನ ದಿನ ಬೆಳಗ್ಗೆ ನಮ್ಮ ಕಾಲೇಜಿನ ಜವಾನ ಇಂಗ್ಲಿಷ್ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹರಡಿ, “ಮೂರನೇ ರೇಸಿಗೆ ಯಾವ ಕುದುರೆ ಅಂತ ಬರ್ದವ್ರೆ, ವಸಿ ನೋಡಿ ಸಾರ್” ಎನ್ನುತ್ತಿದ್ದ. ಪಂಪನಿಗೆ ಅರ್ಥ ಹೇಳುವ ನಾಲಗೆಯಿಂದಲೇ ನಾನು ಕುದುರೆಯ ಹೆಸರನ್ನೂ ಓದಿ ಹೇಳುತ್ತಿದ್ದೆ. ಕಳೆದ ತಿಂಗಳು, ಮಗಳ ಶುಲ್ಕಕ್ಕೆಂದು ಇಟ್ಟಿದ್ದ ಹಣವನ್ನು ಅವನು ಅಂಥದೊಂದು ಹೆಸರಿನ ಮೇಲೆ ಕಟ್ಟಿ ಕಳೆದುಕೊಂಡ. ಆ ಪಾಪದಲ್ಲಿ ನನ್ನ ಪಾಲೂ ಇದೆಯಷ್ಟೆ.

ಅಂಕಣಕಾರರ ವಿದ್ಯೆಯನ್ನು ನಾನು ಹಳಿಯಲಾರೆ. ಹಿಂದಿನ ಓಟಗಳು, ದೂರ, ಜಾಕಿಯ ಅನುಭವ, ಮಳೆಗೆ ನೆನೆದ ನೆಲ, ಎಲ್ಲವನ್ನೂ ತೂಗಿ ನೋಡುತ್ತಾರೆ. ಕುದುರೆಪಂದ್ಯ ಮುಖ್ಯವಾಗಿ ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿದೆ. ಆದರೆ ಹ್ಯಾಂಡಿಕ್ಯಾಪ್ ಪಂದ್ಯವೆಂಬುದೊಂದಿದೆಯಲ್ಲ! ಅಲ್ಲಿ ಬಲ್ಲಿದ ಕುದುರೆಗೆ ಹೆಚ್ಚು ಭಾರ, ಬಡ ಕುದುರೆಗೆ ಕಡಿಮೆ. ಎಲ್ಲವೂ ಸರಿಸಮವಾಗಿ ಗುರಿ ಮುಟ್ಟಲೆಂಬುದೇ ಉದ್ದೇಶ. ಒಬ್ಬ ಜಾಣನ ಲೆಕ್ಕವನ್ನು ಕೆಡಿಸಲು ಇನ್ನೊಬ್ಬ ಜಾಣನನ್ನು ನೇಮಿಸಿದಂತಾಯಿತು. ಭವಿಷ್ಯ ನಿಜವಾದರೂ, ಓದಿದವರೆಲ್ಲ ಅದೇ ಕುದುರೆಗೆ ಕಟ್ಟಿರುವುದರಿಂದ ಟೋಟಿನಲ್ಲಿ ಸಿಗುವ ಪಾಲು ಕಿರಿದು.

ಇಂಥ ಅಂಕಣವೇ ಬೇಡವೆನ್ನುವಷ್ಟು ಮಡಿವಂತ ನಾನಲ್ಲ. ಇಂದಿನ ಆಯ್ಕೆಗಳ ಪಕ್ಕದಲ್ಲಿ, ಹಿಂದಿನ ವಾರ ತಪ್ಪಿದ ಆಯ್ಕೆಗಳನ್ನೂ ಅದೇ ಗಾತ್ರದ ಅಕ್ಷರದಲ್ಲಿ ಅಚ್ಚುಮಾಡಲಿ. ಅವನ್ನೂ ನಾನು ಜವಾನನಿಗೆ ಓದಿ ಹೇಳುತ್ತೇನೆ.