ಊರಿಗೊಂದು ಕೂಡುತೋಟ

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟುವ ಮಲಪ್ರಭೆ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿನ ಹಿಂದೆ ನಿಂತು ಹುಬ್ಬಳ್ಳಿ-ಧಾರವಾಡದ ನಳಗಳನ್ನು ಸೇರುತ್ತಾಳೆ. ಬೆಟ್ಟದ ಮಳೆಗೂ ಬಯಲಿನ ನಗರಕ್ಕೂ ಇರುವ ನಂಟು ಇದು. ಅದೀಗ ಸಡಿಲಗೊಳ್ಳುತ್ತಿದೆ. 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿತು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅದರ ಬೆನ್ನಿಗೇ, 2024ರ ಮಾರ್ಚಿನಲ್ಲಿ, ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಸಾರಿತು.

ಹಾಗೆಂದು ನಗರಗಳಿಗೆ ತೋಟವೇ ಬೇಡವೆನ್ನಬಹುದೇ? ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು ಇರುಳಿಡೀ ಕಾವನ್ನು ಹೊರಸೂಸುತ್ತದೆ. ಎಲೆಗಳಾದರೋ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ; ಸಡಿಲ ಮಣ್ಣು ರಭಸದ ಮಳೆಯನ್ನು ಹೀರಿಕೊಳ್ಳುತ್ತದೆ. ಆದುದರಿಂದ ಕೇಳಬೇಕಾದುದು, ಯಾವ ತೋಟ ಮತ್ತು ಯಾವ ನೀರು ಎಂಬುದನ್ನು. ನದಿಯ ನೀರು ಕುಡಿದು ಬೆಳೆಯುವ ಹುಲ್ಲುಹಾಸು ಬೆಟ್ಟದ ಮೇಲಿನ ಹೊರೆ. ಪಾತ್ರೆ ತೊಳೆದ ನೀರು, ಅಡುಗೆಮನೆಯ ಕಸದ ಗೊಬ್ಬರಗಳಿಂದ ಓಣಿಯವರೆಲ್ಲ ಕೂಡಿ ಬೆಳೆಸುವ ಪುಂಡಿ, ರಾಜಗಿರಿ, ಚವಳಿ, ನುಗ್ಗೆಗಳ ತೋಟ ಹಾಗಲ್ಲ. ಅದು ನಗರದ ಹಸಿವನ್ನೆಲ್ಲ ನೀಗಿಸಲಾರದು. ಜೋಳ, ಗೋಧಿಗಳಿಗೆ ಎರೆಹೊಲವೇ ಬೇಕು. ಆದರೆ ಬಡವರ ತಟ್ಟೆಗೆ ಸೊಪ್ಪು, ಓಣಿಗೆ ನೆರಳು ಖಂಡಿತ ದೊರೆಯುತ್ತವೆ.

ಸವದತ್ತಿ, ಬೈಲಹೊಂಗಲ, ಕಿತ್ತೂರುಗಳಂಥ ಬೆಳೆಯುತ್ತಿರುವ ಪಟ್ಟಣಗಳು ನೆಲವೆಲ್ಲ ನಿವೇಶನವಾಗುವ ಮುನ್ನವೇ ಎಚ್ಚರಗೊಳ್ಳಬೇಕು. ಶಾಲಾ ಪೌಷ್ಟಿಕ ತೋಟಗಳಿಗೆ ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮಕ್ಕಳು ಕೈತೊಳೆದ ನೀರೇ ಅವಕ್ಕೆ ಬಹುಮಟ್ಟಿಗೆ ಸಾಕಾದೀತು. ಆದರೆ ಬಿಸಿಲು ಉರಿಯುವ ಏಪ್ರಿಲ್-ಮೇ ತಿಂಗಳುಗಳಲ್ಲೇ ಶಾಲೆಗೆ ರಜೆ. ನೋಡುವವರಿಲ್ಲದ ತೋಟ ಒಣಗುತ್ತದೆ. ಆಗ ಹೊಣೆಯನ್ನು ಊರಿನ ಮಹಿಳಾ ಸಂಘ ಹೊತ್ತು, ಬೆಳೆದುದನ್ನು ಹಂಚಿಕೊಳ್ಳಲಿ. ಪುರಸಭೆಗಳೂ ಪಟ್ಟಣ ಪಂಚಾಯಿತಿಗಳೂ ಪ್ರತಿ ಬಡಾವಣೆಯಲ್ಲಿ ಒಂದಿಷ್ಟು ನೆಲವನ್ನು ಲಿಖಿತ ಕರಾರಿನ ಮೇಲೆ ಇಂಥ ಸಂಘಗಳಿಗೆ ಕೊಡಲಿ. ನಾಳೆ ಯಾರು ಬಿಡಿಸುವರೋ ಎಂಬ ಅಳುಕಿದ್ದರೆ ನುಗ್ಗೆಯ ಸಸಿಯನ್ನು ಯಾರೂ ನೆಡರು.

1906ರಲ್ಲಿ ಕಣ್ಮುಚ್ಚಿದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಒಬ್ಬರ ನೆಲ ಹಲವರ ಬಾಳಿಗೆ ಆಸರೆಯಾಗಬಲ್ಲದೆಂದು ಈ ಸೀಮೆ ನೂರು ವರ್ಷಗಳ ಹಿಂದೆಯೇ ಕಂಡಿದೆ. ಇಂದು ಕೇಳುತ್ತಿರುವುದು ಸಂಸ್ಥಾನವನ್ನಲ್ಲ. ಓಣಿಗೆ ಹತ್ತಾರು ಗಜದ ನೆಲವನ್ನು ಮಾತ್ರ.