ಶಬ್ದವಿಚಾರ: ಮೂರ್ಖರ ಪೆಟ್ಟಿಗೆ

ಮಾಲೂರಿನ ವಾಚಕ ಮಹಾಶಯರೊಬ್ಬರು ಬರೆದು ಕೇಳಿರುವ ಪ್ರಶ್ನೆಯನ್ನು ಈ ತಿಂಗಳ ವಿಚಾರಕ್ಕೆ ತೆಗೆದುಕೊಂಡಿರುವೆವು. ಅವರ ಮೊಮ್ಮಗಳು ಶಾಲೆಯ ಪ್ರಬಂಧವೊಂದರಲ್ಲಿ ಟೆಲಿವಿಷನ್ನನ್ನು 'ಮೂರ್ಖರ ಪೆಟ್ಟಿಗೆ' ಎಂಬುದಾಗಿ ಬರೆದಳಂತೆ; ಉಪಾಧ್ಯಾಯಿನಿಯವರು ಆ ಮಾತಿನ ಕೆಳಗೆ ಕೆಂಪು ಗೆರೆಯನ್ನೆಳೆದರಂತೆ. ಈ ಪ್ರಯೋಗವು ಸಾಧುವೇ, ಅಸಾಧುವೇ? ಇದೇ ಯಂತ್ರಕ್ಕೆ ಇಂಗ್ಲಿಷಿನಲ್ಲಿರುವ 'ಟ್ಯೂಬ್' ಎಂಬ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ಎಂಬಿವೆರಡು ಅವರ ಪ್ರಶ್ನೆಗಳು.

ಇಂಗ್ಲಿಷಿನಲ್ಲಿ ಈ ಯಂತ್ರಕ್ಕೆ ಮನೆಮಾತಿನ ಹೆಸರುಗಳು ಹಲವುಂಟು. ಬ್ರಿಟನ್ನಿನವರು ಸಲಿಗೆಯಿಂದ 'ಟೆಲಿ' ಎನ್ನುವರು. ಅಮೆರಿಕದವರು 'ಟ್ಯೂಬ್' ಎಂದರು. ಹಳೆಯ ಯಂತ್ರದ ಹೊಟ್ಟೆಯೊಳಗೆ ಚಿತ್ರವನ್ನು ಮೂಡಿಸುವ ದೊಡ್ಡದೊಂದು ಗಾಜಿನ ನಳಿಗೆಯಿದ್ದುದೇ ಆ ಹೆಸರಿಗೆ ಕಾರಣ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ ಅಂತಹ ನಳಿಗೆಗಳು ತಯಾರಾಗುತ್ತಿದ್ದುವು. 'ಪಿಕ್ಚರ್ ಟ್ಯೂಬ್ ಹೋಗಿದೆ' ಎಂದು ರಿಪೇರಿಯವನು ಹೇಳಿದೊಡನೆ ಮನೆಯ ಯಜಮಾನನ ಮುಖವು ಬಾಡುತ್ತಿದ್ದ ಕಾಲವನ್ನು ವಾಚಕರಲ್ಲಿ ಅನೇಕರು ಬಲ್ಲರು. ಆ ಅಮೆರಿಕದಲ್ಲಿಯೇ 1950ರ ದಶಕದಲ್ಲಿ 'ಈಡಿಯಟ್ ಬಾಕ್ಸ್' ಎಂಬ ಬೈಗುಳದ ಹೆಸರೂ ಹುಟ್ಟಿತು. ಅದೇ ಕನ್ನಡಕ್ಕೆ ಬಂದು 'ಮೂರ್ಖರ ಪೆಟ್ಟಿಗೆ' ಆಯಿತು.

ಇಂಗ್ಲಿಷಿನ ಮಾತಿನಲ್ಲಿ ಮೂರ್ಖತನವು ಯಾರದೆಂಬುದು ಸ್ಪಷ್ಟವಿಲ್ಲ. ಪೆಟ್ಟಿಗೆಯೇ ಮೂರ್ಖವೆಂದು ಕರ್ಮಧಾರಯವಾಗಿ ಬಿಡಿಸಬಹುದು. ಮೂರ್ಖರದೆಂದು ಷಷ್ಠೀ ತತ್ಪುರುಷವಾಗಿಯೂ ಬಿಡಿಸಬಹುದು. ಕನ್ನಡದಲ್ಲಿ 'ಮೂರ್ಖಪೆಟ್ಟಿಗೆ' ಎಂದಿದ್ದರೆ ಆ ಸಂದಿಗ್ಧವು ಹಾಗೆಯೇ ಉಳಿಯುತ್ತಿದ್ದಿತು. ಆದರೆ ಕೇಶಿರಾಜನನ್ನು ಓದಿದವರ ಮೂಗಿಗೆ ಅದರಲ್ಲಿ ಅರಿಸಮಾಸದ ವಾಸನೆಯು ಹೊಡೆಯದಿರದು. ('ಪೆಟ್ಟಿಗೆ'ಯು ಸಂಸ್ಕೃತದ 'ಪೇಟಿಕಾ' ಶಬ್ದದ ಬಂಧುವೇ ಎಂದು ವಾದಿಸುವವರು ವಾದಿಸಲಿ.) ಕನ್ನಡಿಸಿದವರು ಒಂದು 'ರ'ಕಾರವನ್ನು ಸೇರಿಸಿ ಸಮಾಸದ ದೋಷದಿಂದ ತಪ್ಪಿಸಿಕೊಂಡರು, ಆದರೆ ಆ ಒಂದಕ್ಷರದಿಂದ ಪೆಟ್ಟಿಗೆಯು ನಿರಪರಾಧಿಯಾಗಿ ಅಪರಾಧವೆಲ್ಲವೂ ಮನುಷ್ಯರ ಮೇಲೆ ಬಿದ್ದಿತು. ಅಲ್ಲಿಯೂ ಎರಡು ದಾರಿಗಳುಂಟು. 'ಅಕ್ಕಿಯ ಚೀಲ' ಎಂಬಲ್ಲಿ ಅಕ್ಕಿಯು ಒಳಗಿರುವುದು. 'ಮಕ್ಕಳ ಪುಸ್ತಕ' ಎಂಬಲ್ಲಿ ಮಕ್ಕಳು ಹೊರಗೆ ಕುಳಿತು ಓದುವರು. ಹಾಗಾದರೆ ಮೂರ್ಖರು ಪೆಟ್ಟಿಗೆಯ ಒಳಗೋ, ಹೊರಗೋ? ರಾತ್ರಿ ಒಂಬತ್ತರ ವಾಗ್ಯುದ್ಧಗಳನ್ನು ನೋಡಿದವರು ಒಳಗೆಂದಾರು. ಲೋಕರೂಢಿಯು ಮಾತ್ರ ಹೊರಗಿನವರನ್ನೇ ಹಿಡಿದಿದೆ.

ಶಬ್ದದ ಮೂಲವನ್ನು ನೋಡಿದರೆ ಅರ್ಥವು ಇಷ್ಟು ಕಠಿಣವಲ್ಲ. ನಮ್ಮ ವೈಯಾಕರಣರು ಉಣಾದಿ ಸೂತ್ರಗಳಲ್ಲಿ 'ಮೂರ್ಖ' ಶಬ್ದವನ್ನು 'ಮುಹ್' ಧಾತುವಿನಿಂದ ಸಾಧಿಸುವರು. ಮೋಹ, ಮೂಢ, ಮುಗ್ಧ ಇವುಗಳಿಗೂ ಅದೇ ಧಾತು. 1987ರ ಜನವರಿಯಲ್ಲಿ ದೂರದರ್ಶನದ ರಾಮಾಯಣವು ಆರಂಭವಾದಾಗ, ಮುಳಬಾಗಿಲಿನಲ್ಲಿ ನಾವೇ ಕಂಡಂತೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಜನರು, ಹಿಂದಿಯ ಗಂಧವಿಲ್ಲದಿದ್ದರೂ, ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಬಂದು ಆ ಪೆಟ್ಟಿಗೆಗೆ ಹೂವೇರಿಸಿ ಊದುಬತ್ತಿ ಹಚ್ಚಿ ಕುಳಿತರು. ಅವರನ್ನು ಮುಗ್ಧರೆನ್ನಬಹುದು, ಮೂರ್ಖರೆನ್ನಲು ನಮಗೆ ನಾಲಗೆ ಏಳದು.

ಕೆಲವು ವರ್ಷಗಳ ಹಿಂದೆ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಅವರ ಮನೆಮಾತು ತೆಲುಗು. ಅವರ ತಾಯಿಯವರಿಗೆ ಎಂಬತ್ತು ದಾಟಿದೆ. ಶಾಲೆಗೆ ಹೋದವರಲ್ಲ, ಸಂತೆಯಲ್ಲಿ ಚೌಕಾಸಿಗೆ ಸಾಲುವಷ್ಟು ಕನ್ನಡವನ್ನೇ ಬಲ್ಲವರು. ಮಂಡ್ಯದಿಂದ ಮೊಮ್ಮಗನ ಹೆಂಡತಿಯು ಮನೆಗೆ ಬಂದ ಮೇಲೆ, ಆ ಹುಡುಗಿಯೊಡನೆ ಮಾತನಾಡಬೇಕೆಂಬ ಆಸೆಯಿಂದ ಸಂಜೆಯ ಕನ್ನಡ ಧಾರಾವಾಹಿಗಳನ್ನು ನೋಡಿ ನೋಡಿ ಕನ್ನಡವನ್ನು ಕಲಿತರು. ನಾವು ಹೋದಾಗಲೂ ಇಬ್ಬರೂ ಒಟ್ಟಿಗೆ ಕುಳಿತು ನೋಡುತ್ತಿದ್ದರು. ಮಿತ್ರರು ನಗುತ್ತ, "ಏನು ಮಾಡೋದು ಮೇಷ್ಟ್ರೇ, ನಮ್ಮಮ್ಮನಿಗೆ ಸಂಜೆಯಾದರೆ ಈ ಮೂರ್ಖರ ಪೆಟ್ಟಿಗೆ ಬೇಕೇ ಬೇಕು" ಎಂದರು. ಆ ವೃದ್ಧೆಯು ಏನೂ ಆಡದೆ ರಿಮೋಟನ್ನು ತೆಗೆದುಕೊಂಡು ಟೀವಿಯನ್ನು ಆರಿಸಿ ಒಳಗೆ ಹೋದರು. ಮಾತು ಅವರಿಗೆ ಅರ್ಥವಾಗಿತ್ತು. ಅಷ್ಟು ಕನ್ನಡವನ್ನು ಕಲಿಸಿದ್ದು ಆ ಪೆಟ್ಟಿಗೆಯೇ. ಆಮೇಲೆ ಮಿತ್ರರು ತಮ್ಮ ಫೋನಿನಲ್ಲಿ ಯೂಟ್ಯೂಬನ್ನು ತೆರೆದು, ಮಾವಿನ ಜಿಗಿಹುಳುವಿನ ವಿಷಯವಾಗಿ ಒಂದು ಗಂಟೆ ಕಾಲ ನಮಗೆ ತೋರಿಸಿದರು. 2005ರಲ್ಲಿ ಹುಟ್ಟಿದ ಆ ಹೆಸರಿನಲ್ಲಿರುವ ಟ್ಯೂಬು ಹಳೆಯ ಟೆಲಿವಿಷನ್ನಿನ ಗಾಜಿನ ನಳಿಗೆಯೇ ಎಂಬುದನ್ನು ಹೇಳೋಣವೆನ್ನಿಸಿತು. ಕಾಫಿಯನ್ನು ಕುಡಿದು ಎದ್ದು ಬಂದೆವು.

ಆದಕಾರಣ ಮಾಲೂರಿನ ಮಹಾಶಯರಿಗೆ ನಮ್ಮ ಉತ್ತರವಿದು. ವ್ಯಾಕರಣದ ದೃಷ್ಟಿಯಿಂದ ಆ ಕೆಂಪು ಗೆರೆಗೆ ಕಾರಣವಿಲ್ಲ. ಅರ್ಥದ ದೃಷ್ಟಿಯಿಂದ, ಯಾರನ್ನು ಕುರಿತು ಹೇಳಿದೆಯೆಂದು ಮಗುವನ್ನೇ ಕೇಳಬೇಕು. ಒಳಗಿನವರನ್ನೆಂದರೆ ಗೆರೆಯನ್ನು ಅಳಿಸಬಹುದು. ಮನೆಯ ಅಜ್ಜಿಯನ್ನೆಂದರೆ ಗೆರೆಯಿರಲಿ.

ಇನ್ನು 'ಟ್ಯೂಬ್'. ಈಗಿನ ಟೀವಿಗೆ ನಳಿಗೆಯೂ ಇಲ್ಲ, ಪೆಟ್ಟಿಗೆಯ ಆಕಾರವೂ ಇಲ್ಲ. ಕ್ಯಾಲೆಂಡರಿನಂತೆ ಗೋಡೆಗೆ ತೂಗುವುದು. ನಮ್ಮ ಹುಡುಗರ ಬಾಯಲ್ಲಿ ಟ್ಯೂಬ್ ಎಂದರೆ ಸೈಕಲ್ಲಿನದು. ಟ್ಯೂಬ್‌ಲೈಟ್ ಎಂದರೆ ಹೇಳಿದ್ದು ನಿಧಾನವಾಗಿ ಹೊಳೆಯುವವನು. 'ಕೊಳವೆ' ಎನ್ನಬಹುದೇ ಎಂದು ಪತ್ರದಲ್ಲಿ ಸೂಚಿಸಿರುವಿರಿ. ಬೇರೆ ಸೀಮೆಯಲ್ಲಿ ಏನೋ ಕಾಣೆವು; ಕೋಲಾರದಲ್ಲಿ 'ನಮ್ಮ ಮನೆಗೆ ಹೊಸ ಕೊಳವೆ ಬಂತು' ಎಂದರೆ, ಎಷ್ಟು ಅಡಿಗೆ ನೀರು ಸಿಕ್ಕಿತೆಂದು ಕೇಳುವರು. ಟೀವಿಯೆಂದೇ ಬರೆಯಿರಿ.